ಪಂಚಾಯ್ತಿ ಸಾಮಾನ್ಯ ಸಭೇಲಿ ನಿಜಕ್ಕೂ ಏನ್ ತೀರ್ಮಾನ ಆಗುತ್ತೆ?

ಪಂಚಾಯ್ತಿ ಎಲೆಕ್ಷನ್ ಯಾವಾಗ, ಮೀಸಲಾತಿ ಯಾರಿಗೆ ಬೀಳುತ್ತೆ, ಯಾರ್ ನಿಲ್ತಾರೆ, ಯಾರ್ ವಾಪಸ್ ತಗೋತಾರೆ ಅನ್ನೋ ಮಾತಿಗೆ ಹಳ್ಳೀಲಿ ಬರ ಇಲ್ಲ. ಆದ್ರೆ ಗೆದ್ದ ಮೇಲೆ ಈ ಮೆಂಬರುಗಳು ತಿಂಗಳಿಗೊಂದ್ಸಲ ಕೂತು ಮಾಡೋದೇನು ಅಂತ ಕೇಳಿ ನೋಡಿ, 'ಟೀ ಕುಡಿದು ಸೈನ್ ಹಾಕಿ ಬರ್ತಾರೆ' ಅಂತಾರೆ. ಅರ್ಧ ನಿಜಾನೇ ಅದು. ಇನ್ನರ್ಧದ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ನಮ್ಮನೆ ಮುಂದಿನ ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ ಅನ್ನೋದಕ್ಕೆ ಉತ್ತರ ಇರೋದು ಮಾತ್ರ ಆ ಇನ್ನರ್ಧದಲ್ಲೇ.

ಮೊದಲು ಸಭೆ ನೋಟಿಸ್ ನೋಡೋಣ. ಒಂದೇ ಒಂದು ಹಾಳೆ. ಒಂದನೇ ವಿಷಯ ಹಿಂದಿನ ಸಭೆ ನಡವಳಿ, ಅಂದ್ರೆ ಅಲ್ಲಿ ಆದ ತೀರ್ಮಾನಗಳ ಬರಹ, ಓದಿ ದೃಢೀಕರಿಸೋದು, ಎರಡನೇದು ಜಮಾ ಖರ್ಚು, ಆಮೇಲೆ ಸರ್ಕಾರದ ಸುತ್ತೋಲೆಗಳು, ಸಾರ್ವಜನಿಕ ಅರ್ಜಿಗಳು, ಕುಡಿಯೋ ನೀರು, ಬೀದಿ ದೀಪ, ಕ್ರಿಯಾ ಯೋಜನೆ (ಯಾವ ಯಾವ ಕಾಮಗಾರಿ ಮಾಡ್ಬೇಕು ಅನ್ನೋ ಪಟ್ಟಿ), ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯ್ತಿ ಇದಾವೆ, ಬೀದರಿಗೆ ಹೋದ್ರೂ ಚಾಮರಾಜನಗರಕ್ಕೆ ಹೋದ್ರೂ ಪಟ್ಟಿ ಹೆಚ್ಚುಕಮ್ಮಿ ಹೀಗೇ ಇರುತ್ತೆ. ನಾನಂತೂ ಯಾವ ನೋಟಿಸ್ ಕೈಗೆ ಸಿಕ್ಕಿದ್ರೂ ಕಣ್ಣು ಹಾಯಿಸೋದು ಆ ಕೊನೇ ಸಾಲಿನ ಕಡೆಗೇ, ಯಾಕಂದ್ರೆ ಮೊದಲೇ ಬರೆದು ತೋರಿಸೋಕೆ ಇಷ್ಟ ಇಲ್ಲದ್ದು ಬರೋದು ಅಲ್ಲಿಂದ: ಯಾವುದೋ ಹೊಸ ಲೇಔಟಿನ ಅರ್ಜಿ, ಪಂಚಾಯ್ತಿ ಮಳಿಗೆ ಬಾಡಿಗೆಯನ್ನ ಹರಾಜಿಲ್ಲದೆ ಅವ್ರಿಗೇ ಮುಂದುವರಿಸೋದು, ಯಾರನ್ನೋ ಕೆಲಸಕ್ಕೆ ತಗೊಳ್ಳೋದು. ಆ ಹೊತ್ತಿಗೆ ಅರ್ಧ ಮೆಂಬರು ಎದ್ದು ಹೋಗಿರ್ತಾರೆ, ಹಾಜರಿ ಪುಸ್ತಕದಲ್ಲಿ ಸೈನ್ ಮಾತ್ರ ಬೆಳಗ್ಗೇನೇ ಬಿದ್ದಿರುತ್ತೆ.

ಸಭೇಲಿ ಕೂರೋರು ಯಾರು ಅಂತ ಬೇಗ ಹೇಳಿಬಿಡ್ತೀನಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಲೆಕ್ಕದಲ್ಲಿ ಪ್ರತಿ 400 ಜನಕ್ಕೆ ಒಬ್ಬ ಮೆಂಬರು, ಅಂದ್ರೆ 6,000 ಜನ ಇರೋ ಪಂಚಾಯ್ತಿಗೆ 15 ಮಂದಿ. ಅರ್ಧ ಸೀಟು ಹೆಂಗಸರಿಗೆ. ಅಧ್ಯಕ್ಷರಿಗೆ ತಿಂಗಳಿಗೆ 6,000, ಉಪಾಧ್ಯಕ್ಷರಿಗೆ 4,000, ಮೆಂಬರುಗಳಿಗೆ 2,000 ರೂಪಾಯಿ ಗೌರವಧನ, ಅದೂ 2022ರಲ್ಲಿ ಡಬಲ್ ಮಾಡಿದ ಮೇಲೆ. ಇವರ ಜೊತೆ ಸರ್ಕಾರದ ಕಡೆಯಿಂದ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಆಮೇಲೆ ಬಿಲ್ ಕಲೆಕ್ಟರ್, ಕಂಪ್ಯೂಟರ್ ಆಪರೇಟರ್, ಊರಿಗೆ ನೀರು ಬಿಡೋ ನೀರಗಂಟಿ, ಜವಾನ. ಊರಿನ ಜನಕ್ಕೆ ದಿನಾ ಬೇಕಾಗೋದು ಅಧ್ಯಕ್ಷರಲ್ಲ ಪಿಡಿಒ ಅಲ್ಲ, ಈ ನೀರಗಂಟಿನೇ. ಅವ್ನು ಒಂದಿನ ರಜಾ ಹಾಕಿದ್ರೆ ಗೊತ್ತಾಗುತ್ತೆ ಪಂಚಾಯ್ತಿ ಅಂದ್ರೆ ಏನು ಅಂತ.

ಇನ್ನೊಂದು ಕನ್‌ಫ್ಯೂಷನ್ ಇಲ್ಲೇ ಕ್ಲಿಯರ್ ಮಾಡ್ಕೊಳ್ಳೋಣ. ಪಂಚಾಯ್ತಿ ಬಾಗಿಲಿಗೆ ಬರೋ ಜನರಲ್ಲಿ ಬಹಳ ಮಂದಿ ಬರೋದು ಪಂಚಾಯ್ತಿದಲ್ಲದ ಕೆಲಸಕ್ಕೆ. ರೇಷನ್ ಕಾರ್ಡ್ ಆಹಾರ ಇಲಾಖೆದು, ವಿಧವಾ ವೇತನ, ವೃದ್ಧಾಪ್ಯ ವೇತನ ನಾಡಕಚೇರಿದು, ಪಹಣಿ ಕಂದಾಯ ಇಲಾಖೆದು, ಗ್ರಾಮ ಲೆಕ್ಕಿಗರು ಅದೇ ಬಿಲ್ಡಿಂಗಿನ ಪಕ್ಕದ ರೂಮಲ್ಲಿ ಕೂತಿದ್ರೂ ಪಂಚಾಯ್ತಿ ನೌಕರರಲ್ಲ. ಮೆಂಬರಿಗೂ ಇದು ಗೊತ್ತು, ಆದ್ರೂ 'ನಂದಲ್ಲ' ಅಂದ್ರೆ ವೋಟು ಹೋಗುತ್ತೆ, ಅದಕ್ಕೆ ಅರ್ಜಿ ಹಿಡ್ಕೊಂಡು ತಾನೇ ತಾಲೂಕಾಫೀಸಿಗೆ ಓಡ್ತಾನೆ. ಹಾಗಾಗಿ ಒಳ್ಳೇ ಮೆಂಬರು ಅನ್ನಿಸ್ಕೊಂಡೋರು ಸಭೇಲಿ ಒಂದು ಮಾತೂ ಆಡದೇ ಇರಬಹುದು. ಓಡಾಡೋ ಮೆಂಬರು, ಮಾತಾಡೋ ಮೆಂಬರು ಇಬ್ಬರೂ ಬೇರೆ ಬೇರೆ. ಜನ ವೋಟು ಹಾಕೋದು ಓಡಾಡೋನಿಗೆ.

ಈಗ ದುಡ್ಡಿಗೆ ಬರೋಣ. ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ಹಣ ಅಂತ ಕೇಳಿರ್ತೀರ, 2025-26ರ ತನಕ ಪಂಚಾಯ್ತಿಗಳು ಕಾಮಗಾರಿ ಮಾಡಿದ್ದು ಬಹುಪಾಲು ಇದನ್ನೇ ನಂಬಿ. ಆ ಹಣ 100 ರೂಪಾಯಿ ಬಂದ್ರೆ 30 ಕುಡಿಯೋ ನೀರಿಗೆ, 30 ನೈರ್ಮಲ್ಯಕ್ಕೆ ಅಂತ ದೆಹಲಿಯಲ್ಲೇ ಗಂಟು ಹಾಕಿ ಕಳಿಸ್ತಿದ್ರು. ಉಳೀತಾ ಇದ್ದಿದ್ದು 40. ಅದರಲ್ಲೂ ಸಂಬಳ ಕೊಡೋ ಹಾಗಿರಲಿಲ್ಲ, ಆಫೀಸ್ ಖರ್ಚಿಗೆ ಮುಟ್ಟೋ ಹಾಗಿರಲಿಲ್ಲ. ರಾಜ್ಯ ಸರ್ಕಾರ ಕೊಡೋ ಶಾಸನಬದ್ಧ ಅನುದಾನ ಬೇರೆ ಇದೆ, ಅದರಲ್ಲಿ ಒಂದು ಪಾಲು ಕರೆಂಟ್ ಬಿಲ್‌ಗೆ ಅಂತ ಎಸ್ಕ್ರೋ ಅಕೌಂಟಿಂದ (ಅದಕ್ಕೇ ಅಂತ ಮೀಸಲಿಟ್ಟ ಬ್ಯಾಂಕ್ ಖಾತೆ) ಸೀದಾ ವಿದ್ಯುತ್ ಕಂಪನಿಗೆ ಹೋಗುತ್ತೆ, ಮೆಂಬರುಗಳು ಕಣ್ಣಲ್ಲೂ ನೋಡಲ್ಲ. ಕರೆಂಟ್ ಬಿಲ್ ಅಂದ್ರೆ ಆಫೀಸಿನ ಫ್ಯಾನಿಂದಲ್ಲ ಮತ್ತೆ, ಬೋರ್‌ವೆಲ್ ಮೋಟ್ರು ಮತ್ತು ಬೀದಿ ದೀಪದ್ದು. ಬೀದಿ ದೀಪಕ್ಕೆ ಬೇರೆ ಲೈನ್ ಎಳೆದು ಸ್ವಿಚ್ ಹಾಕಿಲ್ಲದ ಕಡೆ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಉರೀತಾ ಇರುತ್ತೆ, ಅದರ ಮೀಟರೂ ಓಡ್ತಾ ಇರುತ್ತೆ, ಆ ಬಿಲ್ ನಾವೇ ಕಟ್ಟೋದು ಅಂತ ಯಾರಿಗೂ ಅನ್ನಿಸಲ್ಲ.

ಅಂದ್ರೆ ಸಭೆ ಶುರುವಾಗೋಕೆ ಮುಂಚೆನೇ ದುಡ್ಡಿನ ದೊಡ್ಡ ಪಾಲಿನ ಹಣೆಬರಹ ಬರೆದಾಗಿರುತ್ತೆ. ಉಳಿದ ಆ ಚಿಕ್ಕ ಪಾಲನ್ನ ಏನ್ ಮಾಡ್ತಾರೆ ಅನ್ನೋದ್ರಲ್ಲೇ ಪಂಚಾಯ್ತಿಯ ಬುದ್ಧಿವಂತಿಕೆ ಇರೋದು, ಬಹಳ ಕಡೆ ಎಡವೋದೂ ಅಲ್ಲೇ.

ಆ 15ನೇ ಆಯೋಗದ ಹಂಚಿಕೆಯಲ್ಲೇ ಒಂದು ಲೆಕ್ಕ ಹಾಕೋಣ, ಇದು ಬರೀ ಉದಾಹರಣೆ. 15 ಮೆಂಬರುಗಳ ಪಂಚಾಯ್ತಿಗೆ ಒಂದು ಕಂತಲ್ಲಿ 10 ಲಕ್ಷ ಬಂತು ಅಂತಿಟ್ಕೊಳ್ಳಿ. 6 ಲಕ್ಷ ನೀರು, ನೈರ್ಮಲ್ಯಕ್ಕೆ ಹೋಯ್ತು, ಕೈಗೆ 4 ಲಕ್ಷ. ನಿಯಮದ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೇಲಿ ಜನ ಏನ್ ಕೇಳಿದ್ರು ಅಂತ ನೋಡಿ, ಯಾವುದು ಮೊದಲು ಅಂತ ಗೊತ್ತು ಮಾಡಿ ಕ್ರಿಯಾ ಯೋಜನೆ ಬರೀಬೇಕು. ನಡೆಯೋದೇನು ಅಂದ್ರೆ, ಯಾರೋ ಒಬ್ಬ ಸೀನಿಯರ್ ಮೆಂಬರು 'ಗಲಾಟೆ ಯಾಕಪ್ಪ, ಎಲ್ಲರಿಗೂ ಸಮ ಹಂಚಿಬಿಡಿ' ಅಂತಾನೆ, ಎಲ್ಲರೂ ಹೂಂ ಅಂತಾರೆ, 4 ಲಕ್ಷ ಭಾಗಿಸು 15, ತಲೆಗೆ 26,666 ರೂಪಾಯಿ. ಇಷ್ಟರಲ್ಲಿ ಒಂದು ಬೀದಿ ಪೂರ್ತಿ ಚರಂಡಿ ಆಗಲ್ಲ. ನಾಲ್ಕು ಮನೆ ಮುಂದೆ ಆಗುತ್ತೆ. ಐದನೇ ಮನೆಯವರ ಅಂಗಳದಲ್ಲಿ ಆ ನಾಲ್ಕು ಮನೆಯ ನೀರೂ ಬಂದು ನಿಲ್ಲುತ್ತೆ, ಮುಂದಿನ ವರ್ಷದ ಕ್ರಿಯಾ ಯೋಜನೆ ತನಕ ಸೊಳ್ಳೆ ಸಾಕ್ಕೊಂಡು ಇರಬೇಕು.

ಇದನ್ನ ಭ್ರಷ್ಟಾಚಾರ ಅನ್ನೋಕೆ ಬರಲ್ಲ, ಕದ್ದೋರು ಯಾರೂ ಇಲ್ಲ. ಮೆಂಬರಿನ ಜಾಗದಲ್ಲಿ ನಿಂತು ನೋಡಿದ್ರೆ ಸರಿಯಾಗೇ ಕಾಣುತ್ತೆ, ನನ್ನ ಪಾಲು ಈ ವರ್ಷ ಪಕ್ಕದ ಹಳ್ಳಿಗೆ ಬಿಟ್ಟುಕೊಟ್ರೆ ಮುಂದಿನ ವರ್ಷ ಅವ್ನು ವಾಪಸ್ ಕೊಡ್ತಾನೆ ಅಂತ ಏನ್ ಗ್ಯಾರಂಟಿ, ಅಷ್ಟರಲ್ಲಿ ಅಧ್ಯಕ್ಷರೇ ಬದಲಾಗಿರ್ತಾರೆ, ಅವಧಿ 30 ತಿಂಗಳು ಅಷ್ಟೇ. ಹೀಗೆ ಎಲ್ಲರೂ ನ್ಯಾಯವಾಗಿ ನಡ್ಕೊಂಡು ಕೊನೆಗೆ ಎಲ್ಲಾ ಹಳ್ಳೀಲೂ ಅರ್ಧಂಬರ್ಧ ಕೆಲಸ. ತುಂಡು ಗುತ್ತಿಗೆಗೂ ಇದು ಅನುಕೂಲ, ಕೆಲಸ ಚಿಕ್ಕದಾದಷ್ಟೂ ಟೆಂಡರ್ ತಲೆನೋವು ಇಲ್ಲ, ಊರಲ್ಲಿ ಗೊತ್ತಿರೋರೇ ಮಾಡ್ತಾರೆ. ಇಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೀತಾರೆ, ಫೋಟೋ ಅಪ್‌ಲೋಡ್ ಆಗುತ್ತೆ, ಅಧ್ಯಕ್ಷರ ಡಾಂಗಲ್ಲು (ಕಂಪ್ಯೂಟರಿಗೆ ಚುಚ್ಚಿ ಡಿಜಿಟಲ್ ಸೈನ್ ಹಾಕೋ ಕಡ್ಡಿ), ಪಿಡಿಒ ಡಾಂಗಲ್ಲು ಎರಡೂ ಬಿದ್ದ ಮೇಲೆ ಬಿಲ್ ಪಾಸ್. ಕಾಗದದಲ್ಲಿ ನೋಡಿದ್ರೆ ಒಂದು ತಪ್ಪೂ ಸಿಗಲ್ಲ.

ಹಾಗಂತ ಕಾಗದ ನೋಡಿ ಏನೂ ಉಪಯೋಗ ಇಲ್ಲ ಅಂದ್ಕೋಬೇಡಿ. ಕುಡಿಯೋ ನೀರಿನ ವಿಷಯ ತಗೊಳ್ಳಿ. ಮೋಟ್ರು ಸುಟ್ಟೋಯ್ತು ಅಂದ್ರೆ ಸಭೆ ಕರೆದು ಚರ್ಚೆ ಮಾಡ್ಕೊಂಡು ಕೂರೋಕಾಗಲ್ಲ, ಊರಿಗೆ ಸಂಜೆ ಒಳಗೆ ನೀರು ಬೇಕು, ಮೆಕ್ಯಾನಿಕ್ ಬಂದು ಮೋಟ್ರು ಎತ್ತಿ ರಿವೈಂಡಿಂಗಿಗೆ ಒಯ್ತಾನೆ, ಹೊಸ ಕೇಬಲ್ ಹಾಕ್ತಾನೆ, ಎಲ್ಲಾ ಸಾಲ. ಬಿಲ್ ಬರೋದು ಮುಂದಿನ ಸಭೆಗೆ, ಅಲ್ಲಿ ಅದಕ್ಕೆ ಘಟನೋತ್ತರ ಮಂಜೂರಾತಿ ಅಂತ ಬರ್ಕೋತಾರೆ, ದುಡ್ಡು ಅವ್ನ ಕೈ ಸೇರೋದು ಇನ್ನೂ ಎಷ್ಟೋ ತಿಂಗಳಿಗೆ. ಈ ಪದ್ಧತಿ ಇಲ್ಲದೆ ಪಂಚಾಯ್ತಿ ನಡೆಯೋಕೆ ಸಾಧ್ಯ ಇಲ್ಲ. ಆದ್ರೆ ದುಡ್ಡು ಸೋರೋಕೂ ಇದಕ್ಕಿಂತ ಸುಲಭದ ದಾರಿ ಇಲ್ಲ, ಯಾಕಂದ್ರೆ ಬೋರ್‌ವೆಲ್ ಒಳಗೆ ಇಳಿದು ನೋಡಿದೋರು ಯಾರು? ಅದಕ್ಕೆ ಜಮಾ ಖರ್ಚಿನ ಪಟ್ಟಿ ಓದೋ ಅಭ್ಯಾಸ ಇರೋರು ಒಟ್ಟು ಮೊತ್ತಕ್ಕಿಂತ ಮೊದಲು ನೋಡೋದು ಒಂದೇ ಬೋರ್‌ವೆಲ್ಲಿನ ಮೋಟ್ರು ವರ್ಷದಲ್ಲಿ ಎಷ್ಟು ಸಲ ಸುಟ್ಟಿದೆ ಅಂತ, ಹಳೇ ಮೋಟ್ರು, ಹಳೇ ಪೈಪು ಎಲ್ಲಿ ಹೋಯ್ತು, ದಾಸ್ತಾನು ಪುಸ್ತಕದಲ್ಲಿ ಏರಿದೆಯಾ ಅಂತ. ಬ್ಲೀಚಿಂಗ್ ಪೌಡರ್, ಎಲ್‌ಇಡಿ ಬಲ್ಬು ಕೂಡ ಇದೇ ಜಾತಿ. ಹಾಕಿದ್ದು ಎಷ್ಟು, ತಂದಿದ್ದು ಎಷ್ಟು ಅನ್ನೋದು ನೀರಗಂಟಿಗೂ ಲೈನ್ ನೋಡ್ಕೊಳ್ಳೋ ಹುಡುಗನಿಗೂ ಬಾಯಿಪಾಠ ಇರುತ್ತೆ, ಸಭೇಲಿ ಮಾತ್ರ ಅವರನ್ನ ಯಾರೂ ಕೇಳಲ್ಲ.

ನೀರಿಂದ ಇನ್ನೊಂದು ತಲೆನೋವು ಹೊಸದಾಗಿ ಸೇರ್ಕೊಂಡಿದೆ. 2019ರ ಆಗಸ್ಟ್ 15ಕ್ಕೆ ಘೋಷಣೆ ಆದ ಜಲ ಜೀವನ್ ಮಿಷನ್ನಿನಲ್ಲಿ ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂತ ಗುರಿ. ಪೈಪ್ ಹಾಕೋಕೆ ಗುತ್ತಿಗೆದಾರ ಬಂದ, ಸಿಸಿ ರೋಡು ಅಗೆದ, ಕೆಲಸ ಮುಗೀತು ಅಂತ ಪಂಚಾಯ್ತಿಗೆ ಹಸ್ತಾಂತರ ಮಾಡೋಕೆ ಪೇಪರ್ ಇಟ್ಟ. ಇದನ್ನ ತಗೋಬೇಕಾ ಬೇಡ್ವಾ ಅನ್ನೋದೂ ಸಭೇಲಿ ಬರೋ ವಿಷಯಾನೇ. ಸೈನ್ ಹಾಕಿದ್ರೆ ಅಲ್ಲಿಂದಾಚೆ ಲೀಕೇಜು, ಕರೆಂಟು, ನೀರಗಂಟಿ ಸಂಬಳ ಎಲ್ಲಾ ಪಂಚಾಯ್ತಿ ತಲೆ ಮೇಲೆ. ಕೇಂದ್ರ ಕಟ್ಟಿಸಿಕೊಡುತ್ತೆ, ರಾಜ್ಯ ಪಾಲು ಹಾಕುತ್ತೆ, ಆದ್ರೆ ಮೂವತ್ತು ವರ್ಷ ನಡೆಸೋರು ಯಾರು ಅಂದ್ರೆ 26,666 ರೂಪಾಯಿ ಹಂಚ್ಕೊಂಡ ಆ 15 ಜನ. ಸುಮ್ನೆ ಸೈನ್ ಹಾಕದೆ 'ಎಲ್ಲಾ ನಲ್ಲೀಲೂ ನೀರು ಬರೋದನ್ನ ತೋರ್ಸಿ, ರೋಡ್ ಸರಿ ಮಾಡಿ, ಆಮೇಲೆ ನೋಡೋಣ' ಅಂತ ನಡವಳೀಲಿ ಬರೆಸಿದ ಪಂಚಾಯ್ತಿಗಳು ಜಾಣ ಪಂಚಾಯ್ತಿಗಳು ಅಂತ ನನ್ನ ಅಭಿಪ್ರಾಯ.

ನಡೆಸೋಕೆ ದುಡ್ಡು ಎಲ್ಲಿಂದ? ಕಂದಾಯ, ನೀರಿನ ಬಿಲ್ಲು. ಇಲ್ಲಿ ಮಾತ್ರ ಸಭೆಗೆ ನಿಜವಾದ ಅಧಿಕಾರ ಇದೆ, ಸ್ವಂತ ಸಂಪನ್ಮೂಲವನ್ನ ಹೇಗೆ ಖರ್ಚು ಮಾಡ್ಬೇಕು ಅಂತ ದೆಹಲಿ ಗಂಟು ಹಾಕಿರಲ್ಲ. ಆದ್ರೆ ಇಲ್ಲೇ ಎಲ್ಲರೂ ಮೌನ. ತೆರಿಗೆ ಪರಿಷ್ಕರಣೆ ವಿಷಯ ಬಂದ್ರೆ 'ಮುಂದಿನ ಸಭೆಗೆ ಇಡಿ' ಅಂತ ಮುಂದೂಡ್ತಾರೆ, ಎಲೆಕ್ಷನ್ ಹತ್ರ ಬಂದ್ರಂತೂ ಬಿಲ್ ಕಲೆಕ್ಟರ್‌ಗೇ 'ಸ್ವಲ್ಪ ಮೆಲ್ಲಗೆ ಹೋಗಪ್ಪ' ಅಂತ ಹೇಳಿ ಕಳಿಸ್ತಾರೆ. ಕಟ್ಟಿದ ರಸೀದಿ ನೋಡಿದ್ರೆ ಮನೆ ಕಂದಾಯದ ಜೊತೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಕರ ಅಂತ ನಾಲ್ಕು ಉಪಕರ ಸೇರಿರುತ್ತೆ, ಅದನ್ನ ಪಂಚಾಯ್ತಿ ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟಬೇಕು. ಬೇಡಿಕೆ, ವಸೂಲಿ, ಬಾಕಿ ಅಂತ ಒಂದು ತಖ್ತೆ ಸಭೆ ಮುಂದೆ ಬರುತ್ತೆ. ಬಾಕಿ ಕಾಲಂನಲ್ಲಿ ದೊಡ್ಡ ದೊಡ್ಡ ಮೊತ್ತ ಯಾರ್ದು ಅಂತ ಹುಡುಕಿದ್ರೆ ಬಡವರ ಮನೆ ಸಿಗೋದು ಕಮ್ಮಿ, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕು, ಟವರ್ರು, ಕೋಳಿ ಫಾರಂ ಇಂಥವೇ ಸಿಗ್ತವೆ. ಅವರನ್ನ ಯಾರು ಕೇಳ್ತಾರೆ ಹೇಳಿ.

ಖಾತೆ, ಅಂದ್ರೆ ಪಂಚಾಯ್ತೀಲಿರೋ ಮನೆ, ನಿವೇಶನದ ದಾಖಲೆ, ಅದರ ಕಥೆಗೆ ಬೇರೇನೇ ಲೇಖನ ಬೇಕಾಗುತ್ತೆ. ಚುಟುಕಾಗಿ ಹೇಳೋದಾದ್ರೆ, ಇ-ಸ್ವತ್ತಿನಲ್ಲಿ (ಈ ದಾಖಲೆ ಕೊಡೋ ಆನ್‌ಲೈನ್ ವ್ಯವಸ್ಥೆ) ಫಾರಂ 9, 11ಎ ಸಿಗೋದು ಕ್ರಮಬದ್ಧ ಆಸ್ತಿಗೆ, ಉಳಿದಿದ್ದಕ್ಕೆ 11ಬಿ. 2025ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅನಧಿಕೃತ ನಿವೇಶನ, ಮನೆಗಳಿಗೂ 11ಬಿ ಕೊಟ್ಟು ತೆರಿಗೆ ಹಾಕೋಕೆ ದಾರಿ ಮಾಡಿದ್ರು. ಇದರಿಂದ ಪಂಚಾಯ್ತಿ ಆದಾಯ ಹೆಚ್ಚಾಗುತ್ತೆ ಅನ್ನೋದು ಸರಿ. ಆದ್ರೆ ಸಿಟಿ ಪಕ್ಕದ ಪಂಚಾಯ್ತಿ ಮೆಂಬರುಗಿರಿಗೆ ಎಲೆಕ್ಷನ್ನಿನಲ್ಲಿ ಅಷ್ಟೊಂದು ದುಡ್ಡು ಯಾಕೆ ಸುರೀತಾರೆ, ಗೌರವಧನ 2,000 ರೂಪಾಯಿ ಇರೋ ಕೆಲಸಕ್ಕೆ, ಅನ್ನೋ ಪ್ರಶ್ನೆಗೆ ಉತ್ತರ ಈ ಖಾತೆ, ಲೇಔಟುಗಳ ಸುತ್ತಾನೇ ಇದೆ.

ಇನ್ನು ಸಭೇಲಿ ಹೆಂಗಸರು. ಕುರ್ಚಿ ಮೇಲೆ ಅಧ್ಯಕ್ಷೆ, ಬಾಗಿಲ ಹತ್ರ ಅಥವಾ ಪಿಡಿಒ ರೂಮಲ್ಲಿ 'ಮೇಡಂ ಅವರ ಯಜಮಾನ್ರು'. ಇದು ಎಲ್ಲರಿಗೂ ಗೊತ್ತಿರೋದೇ. ನಾನು ಹೇಳೋದು ಬೇರೆ: ಅದೇ ಹೆಂಗಸರು ಎರಡನೇ ವರ್ಷಕ್ಕೆ ಜಮಾ ಖರ್ಚಿನಲ್ಲಿ ತಮ್ಮೂರಿನ ಹೆಸರು ಹುಡುಕೋಕೆ ಶುರು ಮಾಡ್ತಾರೆ. ನೀರು ಎಷ್ಟೊತ್ತಿಗೆ ಬಿಟ್ರು, ಎಷ್ಟು ಕೊಡ ಆಯ್ತು ಅನ್ನೋದು ಮನೇಲಿ ಯಾರಿಗೆ ಗೊತ್ತಿರುತ್ತೆ ಹೇಳಿ? ಸ್ವಸಹಾಯ ಸಂಘದಲ್ಲಿ ವಾರವಾರ ಪುಸ್ತಕ ಬರ್ದು ಬಂದೋರಿಗೆ ಲೆಕ್ಕ ಹೊಸದೂ ಅಲ್ಲ. ಡಾಂಗಲ್ಲು ಯಜಮಾನ್ರ ಜೇಬಲ್ಲಿ ಇರೋ ತನಕ ಮಾತ್ರ ಏನೂ ಬದಲಾಗಲ್ಲ, ಅದು ಮೇಡಂ ಬ್ಯಾಗಿಗೆ ಬಂದ ದಿನ ಪಿಡಿಒ ಮಾತಾಡೋ ಧಾಟೀನೇ ಬೇರೆ ಆಗುತ್ತೆ.

ಇದೆಲ್ಲಾ ದಾಖಲಾಗೋ ಜಾಗ ನಡವಳಿ ಪುಸ್ತಕ. 'ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು', ಕೆಳಗೆ ಸೂಚಕರು, ಅನುಮೋದಕರು. ಎಷ್ಟೋ ಕಡೆ ಸಭೆ ನಡೆದ ದಿನ ಅದರಲ್ಲಿ ಬರೀ ಸೈನ್ ಇರುತ್ತೆ, ಮೇಲಿನ ಖಾಲಿ ಜಾಗ ಆಮೇಲೆ ತುಂಬುತ್ತೆ. ಒಬ್ಬ ಮೆಂಬರು ಎದ್ದು ನಿಂತು 'ನನ್ನ ವಿರೋಧ ಇದೆ ಅಂತ ಈಗಲೇ ಬರೀರಿ' ಅಂದ್ರೆ ಸಾಕು, ಆ ಸರ್ವಾನುಮತ ಮುರಿದು ಬೀಳುತ್ತೆ, ನಾಳೆ ತನಿಖೆ ಬಂದ್ರೆ ಯಾರ್ ಯಾರ್ ಹೊಣೆ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಇಷ್ಟು ಸಣ್ಣ ಕೆಲಸ ಮಾಡೋಕೆ ಯಾಕೆ ಹೆದರ್ತಾರೆ ಅಂದ್ರೆ, ಮುಂದಿನ ಕ್ರಿಯಾ ಯೋಜನೇಲಿ ತನ್ನ ಪಾಲು ಕಟ್ ಆಗುತ್ತೆ ಅಂತ. ಸಮಪಾಲು ಪದ್ಧತಿ ಚರಂಡಿ ಅಷ್ಟೇ ಅಲ್ಲ, ಮೆಂಬರುಗಳ ಬಾಯನ್ನೂ ಅರ್ಧಕ್ಕೆ ನಿಲ್ಲಿಸುತ್ತೆ.

ಜನ ಬರಬೇಕಾದ್ದು ಗ್ರಾಮ ಸಭೆಗೆ. ಕನಿಷ್ಠ ಆರು ತಿಂಗಳಿಗೊಂದು ಆಗ್ಬೇಕು, ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲಾಂದ್ರೆ 100 ಜನ, ಯಾವುದು ಕಮ್ಮಿನೋ ಅಷ್ಟು ಮಂದಿ ಇರ್ಬೇಕು. ಮನೆ ಹಂಚೋ ಪಟ್ಟಿ ಇದ್ರೆ ಶಾಮಿಯಾನ ಸಾಕಾಗಲ್ಲ, ಅದಿಲ್ಲದ ದಿನ ಅಂಗನವಾಡಿ ಟೀಚರ್ರು, ಆಶಾ ಕಾರ್ಯಕರ್ತೆಯರು, ಸಂಘದ ಹೆಂಗಸರನ್ನ ಕರೆಸಿ ಕೋರಂ ತುಂಬಿಸ್ತಾರೆ. ವರ್ಷಕ್ಕೊಂದ್ಸಲ ಜಮಾಬಂದಿ ಬೇರೆ ಇದೆ, ಹಿಂದಿನ ವರ್ಷದ ಲೆಕ್ಕ ಎಲ್ಲಾ ಜನರ ಮುಂದೆ ಓದೋದು, ಕಾಮಗಾರಿ ಜಾಗಕ್ಕೇ ಹೋಗಿ ನೋಡೋದು. ಇದರಲ್ಲಿ ಹೋಗಿ ಕೂತು ಪ್ರಶ್ನೆ ಕೇಳಿದ್ರೆ ಉತ್ತರ ಕೊಡಲೇಬೇಕು. ಹೋಗೋರು ಮಾತ್ರ ಬೆರಳೆಣಿಕೆ.

ಈಗ ಇದನ್ನೆಲ್ಲಾ ಬರೀತಿರೋದಕ್ಕೆ ಕಾರಣ ಇದೆ. ಹಿಂದಿನ ಪಂಚಾಯ್ತಿ ಎಲೆಕ್ಷನ್ ಆಗಿದ್ದು 2020ರ ಡಿಸೆಂಬರ್ 22 ಮತ್ತು 27ಕ್ಕೆ. ಸಂವಿಧಾನದ 243ಇ ವಿಧಿ ಪ್ರಕಾರ ಮೊದಲ ಸಭೆಯಿಂದ ಐದು ವರ್ಷ, ಅದರ ಮೇಲೆ ಒಂದು ದಿನಾನೂ ಇಲ್ಲ, ಆ ಲೆಕ್ಕದಲ್ಲಿ 2026ರ ಶುರುವಿಗೇ ಬಹುಪಾಲು ಪಂಚಾಯ್ತಿಗಳ ಅವಧಿ ಮುಗೀತು. ಅವಧಿ ಮುಗಿಯೋದ್ರೊಳಗೆ ಎಲೆಕ್ಷನ್ ಮುಗಿಸ್ಬೇಕು ಅಂತ ಅದೇ ವಿಧೀಲಿ ಇದೆ. ನಮ್ಮಲ್ಲಿ ಅದು ನಡೆಯೋ ರೀತಿ ನೋಡಿ: 2020ರಲ್ಲಿ ಕೊರೊನಾ ಅಂತ ಕೆಲವು ತಿಂಗಳು ಆಡಳಿತಾಧಿಕಾರಿಗಳು ಕೂತಿದ್ರು, ತಾಲೂಕ್ ಪಂಚಾಯ್ತಿ ಜಿಲ್ಲಾ ಪಂಚಾಯ್ತಿಗಂತೂ 2016ರಲ್ಲಿ ಆದ ಎಲೆಕ್ಷನ್ನೇ ಕೊನೆ, 2021ರಲ್ಲಿ ಅವಧಿ ಮುಗಿದ ಮೇಲೆ ಅಧಿಕಾರಿಗಳದ್ದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದಾದ ಮೇಲೊಂದು ಕಾರಣ.

ಆಡಳಿತಾಧಿಕಾರಿ ಬಂದ್ರೆ ಏನ್ ಕಳ್ಕೋತೀವಿ, ಹೇಗೂ ಮೆಂಬರುಗಳು ಮಾಡಿದ್ದೇನು ಅಂತ ಕೇಳೋರು ಬಹಳ ಜನ. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಕೆಲವು ಕೆಲಸ ಚೆನ್ನಾಗೇ ಆಗುತ್ತೆ. ಹಂಚೋಕೆ 15 ಜನ ಇಲ್ಲದಿದ್ರೆ 4 ಲಕ್ಷ ಒಂದೇ ಕಡೆ ಹಾಕಿ ಒಂದು ಬೀದಿ ಚರಂಡಿ ಪೂರ್ತಿ ಮಾಡಬಹುದು. ದೊಡ್ಡ ಬಾಕಿದಾರರಿಗೆ ನೋಟಿಸ್ ಕೊಡೋಕೂ ಆಫೀಸರಿಗೆ ವೋಟಿನ ಹೆದರಿಕೆ ಇಲ್ಲ. ಆದ್ರೆ ಆಡಳಿತಾಧಿಕಾರಿ ಅಂದ್ರೆ ಬೇರೆ ಯಾವುದೋ ಇಲಾಖೆಯ ತಾಲೂಕು ಮಟ್ಟದ ಆಫೀಸರು, ಅವರ ಸ್ವಂತ ಕೆಲಸದ ಜೊತೆ ಇದು ಹೆಚ್ಚುವರಿ, ಒಬ್ಬರಿಗೆ ಒಂದಲ್ಲ ಹಲವು ಪಂಚಾಯ್ತಿ. ಆಗ ಸಭೆ ಅಂದ್ರೆ ಅವರು ಮತ್ತೆ ಪಿಡಿಒ, ಇಬ್ಬರೇ. ಅಲ್ಲಿ ಯಾರೂ ಎದ್ದು ನಿಂತು ವಿರೋಧ ಬರೀರಿ ಅನ್ನಲ್ಲ. ರಾತ್ರಿ ಹತ್ತಕ್ಕೆ ಮೋಟ್ರು ನಿಂತ್ರೆ ಹೋಗಿ ಬಾಗಿಲು ಬಡಿಯೋಕೆ ಮೆಂಬರ ಮನೆ ಊರಲ್ಲೇ ಇತ್ತು, ಆಡಳಿತಾಧಿಕಾರಿ ಮನೆ ಎಲ್ಲಿದೆ ಅಂತ ಯಾರಿಗ್ ಗೊತ್ತು. ಇದರ ಜೊತೆ ದುಡ್ಡಿನ ಪ್ರಶ್ನೇನೂ ಇದೆ, ಚುನಾಯಿತ ಬಾಡಿ ಇಲ್ಲದ ಕಡೆಗೆ ಅನುದಾನ ಇಲ್ಲ ಅನ್ನೋದು 15ನೇ ಹಣಕಾಸು ಆಯೋಗದ ಷರತ್ತಾಗಿತ್ತು.

ಸಭೆ ನಡೆಸೋದು 15 ಜನ ಆಗ್ಲಿ ಇಬ್ಬರೇ ಆಗ್ಲಿ, ನಡವಳಿ ಬರೆಯೋದಂತೂ ತಪ್ಪಲ್ಲ. ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ರೆ ಪುಟಕ್ಕೆ 2 ರೂಪಾಯಿಯಂತೆ ಕಾಪಿ ಸಿಗುತ್ತೆ. ಇಡೀ ವರ್ಷದ್ದು ಕೇಳಿದ್ರೆ ಕಟ್ಟು ಬರುತ್ತೆ, ಓದೋಕೆ ಆಗಲ್ಲ. ಕಳೆದ ಮೂರು ಸಭೆಯ ನಡವಳಿ, ಅದರ ಜೊತೆ ಆ ಮೂರು ತಿಂಗಳ ಜಮಾ ಖರ್ಚು ಸಾಕು. ಒಂದರಲ್ಲಿ ಬರೆದ ತೀರ್ಮಾನ ಇನ್ನೊಂದರಲ್ಲಿ ಖರ್ಚಾಗಿ ಕಾಣ್ಬೇಕು, ಖರ್ಚಾಗಿದ್ದು ಒಂದಲ್ಲ ಒಂದು ತೀರ್ಮಾನದಲ್ಲಿ ಇರ್ಬೇಕು. ಹೊಂದದೇ ಇರೋ ಸಾಲುಗಳ ಕೆಳಗೆ ಗೆರೆ ಎಳ್ಕೊಂಡು ಮುಂದಿನ ಗ್ರಾಮ ಸಭೆಗೆ ಹೋಗಿ.